ತೇಲುವಿಕೆಯ ನಿಯಮವನ್ನರಿತ ಆರ್ಕಿಮಿಡೀಸ್

ಶಾಲೆಯಲ್ಲಿ ಕಲಿತ ವಿಜ್ಞಾನದ ಪಾಠಗಳನ್ನೆಲ್ಲ ಮರೆತವರಿಗೂ ಆರ್ಕಿಮಿಡೀಸನ ಸ್ನಾನದ ಕಥೆ ನೆನಪಿರುತ್ತದೆ. ತೊಟ್ಟಿಯಿಂದೆದ್ದು ಮೈಮೇಲೆ ಬಟ್ಟೆಯಿಲ್ಲದೆ ಬೀದಿಯಲ್ಲಿ ಓಡಿದ ವಿದ್ವಾಂಸನನ್ನು ಯಾವ ಬಾಲಕ ತಾನೇ ಮರೆತಾನು! ಆದರೆ ಆ ನಗುವಿನ ನಡುವೆ ಆತನ ನಿಜವಾದ ಸಾಧನೆ ಮರೆಯಾಗಿದೆ. ಕೆರೆ, ಹೊಳೆ, ಕಡಲುಗಳಿಂದ ಆವೃತವಾದ ನಮ್ಮ ಕಾಸರಗೋಡಿನ ಸೀಮೆಯಲ್ಲಿ ನೀರಿಗಿಳಿದ ಇಬ್ಬರು ಹುಡುಗರಲ್ಲಿ ಒಬ್ಬ ಸಲೀಸಾಗಿ ತೇಲುವುದನ್ನೂ ಮತ್ತೊಬ್ಬ ಕಲ್ಲಿನಂತೆ ಕೆಳಗಿಳಿಯುವುದನ್ನೂ ಎಲ್ಲರೂ ಕಂಡಿದ್ದೇವೆ. ಅದರ ಕಾರಣವನ್ನು ಅರಿಯಲು ಬೇಕಾದ ನಿಯಮವನ್ನು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಬರೆದಿಟ್ಟವನು ಈತನೇ.

ಆರ್ಕಿಮಿಡೀಸನು ಕ್ರಿ.ಪೂ. 287ರ ಸುಮಾರಿಗೆ ಸಿಸಿಲಿ ದ್ವೀಪದ ಗ್ರೀಕ್ ನಗರವಾದ ಸಿರಾಕ್ಯೂಸಿನಲ್ಲಿ ಜನಿಸಿದನು. ತಂದೆ ಫಿಡಿಯಾಸ್ ಖಗೋಳಜ್ಞ. ಅಲೆಕ್ಸಾಂಡ್ರಿಯದ ವಿದ್ವಾಂಸರಿಗೆ ತನ್ನ ಪ್ರಮೇಯಗಳನ್ನು ಈತ ಬರೆದು ಕಳುಹಿಸುತ್ತಿದ್ದನು. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವು ಮೂರು ಪೂರ್ಣಾಂಕ ಏಳನೇ ಒಂದಕ್ಕಿಂತ ಸ್ವಲ್ಪ ಕಡಿಮೆಯೆಂದು ಸಾಧಿಸಿದವನೂ ಈತನೇ.

ಅರಸನಾದ ಎರಡನೆಯ ಹೀರೋನನು ಅಕ್ಕಸಾಲಿಗನಿಂದ ಚಿನ್ನದ ಕಿರೀಟವೊಂದನ್ನು ಮಾಡಿಸಿ, ಅದರಲ್ಲಿ ಬೆಳ್ಳಿ ಬೆರೆತಿದೆಯೇ ಎಂದು ಸಂಶಯಪಟ್ಟು ಇವನನ್ನು ಕೇಳಿದನೆಂಬುದು ಕಥೆ. ಇದನ್ನು ಬರೆದ ವಿಟ್ರೂವಿಯಸ್ ಇವನಿಗಿಂತ ಸುಮಾರು ಇನ್ನೂರು ವರ್ಷ ಈಚಿನವನು. ಕಿರೀಟ ಮುಳುಗಿದಾಗ ಹೊರಚೆಲ್ಲಿದ ನೀರನ್ನು ಅಳೆದು ಕಳ್ಳತನ ಹಿಡಿದನೆಂಬ ಮಾತು, 1586ರಲ್ಲಿ ಇಪ್ಪತ್ತೆರಡರ ತರುಣನಾಗಿದ್ದ ಗೆಲಿಲಿಯೋಗೆ ಒಪ್ಪಿಗೆಯಾಗಲಿಲ್ಲ. ಅಂಥ ಅಳತೆ ತೀರ ಒರಟೆಂದು ಬಗೆದ ಅವನು, ವಸ್ತುವನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗುವ ತಕ್ಕಡಿಯೊಂದನ್ನು ವಿವರಿಸಿದನು. ಆರ್ಕಿಮಿಡೀಸನಂಥ ಗಣಿತಜ್ಞನ ದಾರಿ ಇದೇ ಇದ್ದಿರಬೇಕೆಂದು ನನಗೂ ತೋರುತ್ತದೆ.

ಕಥೆ ಹೇಗೇ ಇರಲಿ, ತೇಲುವ ವಸ್ತುಗಳನ್ನು ಕುರಿತ ಆತನ ಗ್ರಂಥ ನಮಗೆ ಉಳಿದಿದೆ. ಅದರಲ್ಲಿ ಎರಡು ಭಾಗಗಳು. ನೀರಿನಲ್ಲಿರುವ ವಸ್ತುವು ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟೇ ಮೇಲ್ಮುಖ ಬಲವನ್ನು ಪಡೆಯುತ್ತದೆಂಬುದು ಮೊದಲನೆಯ ಭಾಗದ ಸಾರ. ಆತನು ಮನುಷ್ಯದೇಹದ ವಿಚಾರವನ್ನು ಅಲ್ಲಿ ಎತ್ತಲಿಲ್ಲ. ಆದರೆ ನಿಯಮವು ಕಿರೀಟಕ್ಕೂ ದೇಹಕ್ಕೂ ಒಂದೇ. ನೀರಿನ ಸಾಂದ್ರತೆಯನ್ನು 1 ಎಂದಿಟ್ಟುಕೊಂಡರೆ ಕೊಬ್ಬಿನದು ಸುಮಾರು 0.9, ಸ್ನಾಯುವಿನದು ಸುಮಾರು 1.06, ಎಲುಬಿನದು ಇನ್ನೂ ಹೆಚ್ಚು. ಆದುದರಿಂದ ಮೈಯಲ್ಲಿ ಕೊಬ್ಬಿನ ಅಂಶ ಹೆಚ್ಚಿದ್ದವನು ಸುಲಭವಾಗಿ ತೇಲುತ್ತಾನೆ. ಸ್ತ್ರೀಯರು ಸಾಮಾನ್ಯವಾಗಿ ಪುರುಷರಿಗಿಂತ ಚೆನ್ನಾಗಿ ತೇಲುವುದಕ್ಕೂ ಇದೇ ಕಾರಣ. ಬಡಕಲು ಮೈಯ, ಗಟ್ಟಿ ಸ್ನಾಯುವಿನ ಹುಡುಗ ಇಳಿಯುತ್ತಾನೆ. ಅವನನ್ನು ಪುಕ್ಕಲನೆಂದು ಹಂಗಿಸುವುದು ನಮ್ಮಲ್ಲಿ ರೂಢಿ. ದೋಷ ಧೈರ್ಯದ್ದಲ್ಲ, ಸಾಂದ್ರತೆಯದು. 1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕೆ ಮತ್ತು ಅವನ ಸಂಗಡಿಗರು ಫುಟ್‌ಬಾಲ್ ಆಟಗಾರರನ್ನು ನೀರಿನಲ್ಲಿ ಮುಳುಗಿಸಿ ತೂಗಿದರು. ಪಟ್ಟಿಯ ಪ್ರಕಾರ ಅತಿತೂಕದವರೆನಿಸಿಕೊಂಡಿದ್ದ ಅವರಲ್ಲಿ ಬಹುಮಂದಿಯ ಮೈಯಲ್ಲಿದ್ದುದು ಕೊಬ್ಬಲ್ಲ, ಸ್ನಾಯುವೆಂದು ತಿಳಿಯಿತು. ಕಿರೀಟವನ್ನು ಪರೀಕ್ಷಿಸಿದ ತತ್ತ್ವವೇ ಮನುಷ್ಯರನ್ನೂ ಪರೀಕ್ಷಿಸಿತು!

ಇನ್ನು ಉಸಿರು. ಎದೆತುಂಬ ಗಾಳಿ ಎಳೆದುಕೊಂಡಾಗ ಹೆಚ್ಚಿನವರ ಸಾಂದ್ರತೆ ನೀರಿಗಿಂತ ತುಸು ಕಡಿಮೆ. ಪೂರ್ತಿ ಹೊರಬಿಟ್ಟಾಗ ತುಸು ಹೆಚ್ಚು. ತೇಲುವುದಕ್ಕೂ ಮುಳುಗುವುದಕ್ಕೂ ಇರುವ ಅಂತರ ಇಷ್ಟು ಕಿರಿದು. ಕಡಲಿನ ನೀರು ಉಪ್ಪಿನಿಂದ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಭಾರವಾದ್ದರಿಂದ ಕೆರೆಯಲ್ಲಿ ಮುಳುಗುವವನು ಅಲ್ಲಿ ತೇಲಬಹುದು. ಅಪಾಯದಲ್ಲಿರುವವನು ಮಾಡುವುದೇನು? ಎರಡೂ ಕೈಗಳನ್ನು ಮೇಲೆತ್ತಿ ಕೂಗುತ್ತಾನೆ. ನೀರಿನಿಂದ ಹೊರಬಂದ ಕೈಗಳು ನೀರನ್ನು ಸರಿಸವು, ಅವುಗಳ ಭಾರ ಮಾತ್ರ ಉಳಿದ ದೇಹದ ಮೇಲೆ ಬೀಳುತ್ತದೆ; ಕೂಗಿದಾಗ ಎದೆಯ ಗಾಳಿಯೂ ಖಾಲಿಯಾಗುತ್ತದೆ. ಈ ಸಂಗತಿಯನ್ನು ಪ್ರತಿಯೊಂದು ಮನೆಯ ಮಕ್ಕಳಿಗೂ ಹೇಳಿಕೊಡಬೇಕು.

ಗ್ರಂಥದ ಎರಡನೆಯ ಭಾಗವು ತೇಲುವ ವಸ್ತು ಯಾವಾಗ ನೆಟ್ಟಗೆ ನಿಲ್ಲುತ್ತದೆ, ಯಾವಾಗ ವಾಲುತ್ತದೆ ಎಂಬುದರ ವಿಚಾರ. ಅಂಗಾತ ಮಲಗಿದವನ ಕಾಲುಗಳು ಕೆಳಗಿಳಿಯುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಗಾಳಿ ತುಂಬಿದ ಎದೆಯ ಕಡೆಗೆ ಎತ್ತುವ ಬಲದ ಕೇಂದ್ರ, ಸೊಂಟದ ಕಡೆಗೆ ಭಾರದ ಕೇಂದ್ರ. ಕೈಗಳನ್ನು ನೀರಿನೊಳಗೇ ತಲೆಯಾಚೆಗೆ ಚಾಚಿದರೆ ಭಾರವು ಎದೆಯತ್ತ ಸರಿದು ಕಾಲುಗಳು ಮೇಲೇಳುತ್ತವೆ. ಮಳೆಗಾಲದ ಹೊಳೆಯ ಸೆಳವಿನಲ್ಲಿ ಇದೊಂದೇ ಸಾಲದೆಂಬುದೂ ನಿಜ.

ಕ್ರಿ.ಪೂ. 214ರಿಂದ ರೋಮನ್ನರು ಸಿರಾಕ್ಯೂಸನ್ನು ಮುತ್ತಿದರು. ಆರ್ಕಿಮಿಡೀಸನ ಯಂತ್ರಗಳು ಅವರನ್ನು ಬಹುಕಾಲ ತಡೆದವು. 212ರಲ್ಲಿ ನಗರ ಬಿದ್ದಾಗ, ಸೇನಾನಿ ಮಾರ್ಸೆಲಸನ ಇಚ್ಛೆಗೆ ವಿರುದ್ಧವಾಗಿ, ಸೈನಿಕನೊಬ್ಬನು ಆ ವೃದ್ಧನನ್ನು ಕೊಂದನು. ಕ್ರಿ.ಪೂ. 75ರಲ್ಲಿ ರೋಮಿನ ಅಧಿಕಾರಿಯಾಗಿ ಸಿಸಿಲಿಗೆ ಬಂದ ಸಿಸೆರೊ ಮುಳ್ಳುಪೊದೆಗಳ ನಡುವೆ ಅವನ ಸಮಾಧಿಯನ್ನು ಪತ್ತೆಹಚ್ಚಿದನು. ಊರವರಿಗೇ ಅದರ ನೆನಪಿರಲಿಲ್ಲ.

ಗ್ರಂಥದ ಗತಿಯೂ ಹೀಗೆಯೇ. ಹತ್ತನೆಯ ಶತಮಾನದ ಚರ್ಮದ ಪ್ರತಿಯೊಂದರ ಬರಹವನ್ನು ಕೆರೆದು ತೆಗೆದು, 1229ರಲ್ಲಿ ಅದರ ಮೇಲೆ ಪ್ರಾರ್ಥನೆಗಳನ್ನು ಬರೆದರು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲಿನಲ್ಲಿ ಆ ಪುಸ್ತಕವನ್ನು ನೋಡಿ, ಅಳಿಸಿದ ಅಕ್ಷರಗಳಡಿಯಲ್ಲಿ ಆರ್ಕಿಮಿಡೀಸನನ್ನು ಗುರುತಿಸಿದನು. ತೇಲುವ ವಸ್ತುಗಳ ಗ್ರಂಥದ ಗ್ರೀಕ್ ಮೂಲ ಉಳಿದಿರುವುದು ಅದರಲ್ಲಿ ಮಾತ್ರ. 1998ರಲ್ಲಿ ನ್ಯೂಯಾರ್ಕಿನಲ್ಲಿ ಇಪ್ಪತ್ತು ಲಕ್ಷ ಡಾಲರಿಗೆ ಹರಾಜಾದ ಆ ಪುಸ್ತಕದ ಮಾಸಿದ ಸಾಲುಗಳನ್ನು ಬಾಲ್ಟಿಮೋರಿನ ವಸ್ತುಸಂಗ್ರಹಾಲಯದ ವಿದ್ವಾಂಸರು ಮುಂದಿನ ಹತ್ತು ವರ್ಷ ವಿಶೇಷ ಬೆಳಕುಗಳ ನೆರವಿನಿಂದ ಒಂದೊಂದಾಗಿ ಓದಿದರು.