ಜ್ವರಕ್ಕೆ ಅಂಕಿ ಕೊಟ್ಟ ಪರದೇಶಿ

ಕರ್ನಾಟಕದಲ್ಲಿ ಬಿಸಿಲನ್ನು ಸೆಲ್ಸಿಯಸ್‌ನಲ್ಲಿ ಹೇಳುವ ಮನೆಗಳಲ್ಲೂ ಜ್ವರಕ್ಕೆ ಮಾತ್ರ ಫ್ಯಾರನ್‌ಹೀಟ್ ಲೆಕ್ಕವೇ ರೂಢಿ. ಅಮೆರಿಕದಲ್ಲಿರುವ ನಮಗಂತೂ ಬಿಸಿಲಿಗೂ ಚಳಿಗೂ ಅದೇ ಗತಿ.

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಹುಟ್ಟಿದ್ದು 1686ರಲ್ಲಿ, ಇಂದು ಪೋಲೆಂಡಿಗೆ ಸೇರಿದ ಡಾನ್‌ಜಿಗ್ ಪಟ್ಟಣದಲ್ಲಿ. 1701ರಲ್ಲಿ ವಿಷದ ಅಣಬೆ ತಿಂದು ತಂದೆತಾಯಿ ಒಂದೇ ದಿನ ತೀರಿಕೊಂಡರು. ಹದಿನೈದರ ಹುಡುಗನನ್ನು ವ್ಯಾಪಾರ ಕಲಿಯಲೆಂದು ಆಮ್‌ಸ್ಟರ್‌ಡ್ಯಾಮ್‌ಗೆ ಕಳಿಸಲಾಯಿತು. ಆದರೆ ಅವನ ಮನಸ್ಸು ಜಮಾಖರ್ಚಿನಲ್ಲಿ ನಿಲ್ಲದೆ ಗಾಜಿನ ಉಪಕರಣಗಳತ್ತ ಓಡಿತು.

ಅಂದಿನ ಉಷ್ಣಮಾಪಕಗಳು ಒಂದು ಹೇಳಿದ್ದನ್ನು ಇನ್ನೊಂದು ಹೇಳುತ್ತಿರಲಿಲ್ಲ. ಫ್ಯಾರನ್‌ಹೀಟ್ 1714ರಲ್ಲಿ ಪಾದರಸ ತುಂಬಿದ, ನೆಚ್ಚಬಹುದಾದ ಮಾಪಕ ತಯಾರಿಸಿದ. 1724ರಲ್ಲಿ ತನ್ನ ಮಾಪನಕ್ರಮವನ್ನು ಪ್ರಕಟಿಸಿದ. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯನಾದ. ಅವನ ಲೆಕ್ಕದಲ್ಲಿ ಮಂಜುಗಡ್ಡೆ ಕರಗುವುದು 32ಕ್ಕೆ, ಆರೋಗ್ಯವಂತನ ಮೈಬಿಸಿ 96. ಮುಂದೆ ನೀರು ಕುದಿಯುವ ಬಿಂದುವನ್ನು 212 ಎಂದು ಗೊತ್ತುಮಾಡಿದ ಮೇಲೆ ಮೈಬಿಸಿಯ ಅಂಕಿ 98.6 ಆಯಿತು.

ಮಕ್ಕಳಿಗೆ ಸೂತ್ರ ಸುಲಭ: 32 ಕಳೆಯಿರಿ, 5ರಿಂದ ಗುಣಿಸಿ, 9ರಿಂದ ಭಾಗಿಸಿ. 98.6 ಹೋಗಿ ಸೆಲ್ಸಿಯಸ್‌ನ 37 ಬರುತ್ತದೆ. ಮೈನಸ್ 40ರಲ್ಲಿ ಎರಡೂ ಒಂದೇ!

1736ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ಹೇಗ್ ನಗರದಲ್ಲಿ ಆತ ತೀರಿಕೊಂಡ. ಹುಟ್ಟೂರು ಬಿಟ್ಟು ಬಂದು ಪರದೇಶದಲ್ಲಿ ಬಾಳು ಕಟ್ಟಿಕೊಂಡ ಆ ಅನಾಥನ ಹೆಸರು, ಮಗುವಿನ ಹಣೆ ಬಿಸಿಯಾದ ರಾತ್ರಿ ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ.