ಆಯಸ್ಕಾಂತದಿಂದ ಪುಕ್ಕಟೆ ಕರೆಂಟ್ ಬರುತ್ತದೆಯೇ? ಮೈಕೆಲ್ ಫ್ಯಾರಡೆ ಬದುಕು ಮತ್ತು ದೋಣಿಯ ಹಳೆಯ ಎಂಜಿನ್ ಕೊಡುವ ಉತ್ತರ

ಒಂದು ತಾಮ್ರದ ತಂತಿಯ ಸುರುಳಿ, ನಾಲ್ಕೈದು ಆಯಸ್ಕಾಂತ, ಒಂದು ಬಲ್ಬ್. ಬ್ಯಾಟರಿ ಇಲ್ಲ, ಪ್ಲಗ್ ಇಲ್ಲ. ಆದರೂ ಬಲ್ಬ್ ಉರಿಯುತ್ತದೆ! ಜೀವನಪೂರ್ತಿ ಉಚಿತ ಕರೆಂಟ್, ಎಲ್ಲರಿಗೂ ಕಳಿಸಿ ಎಂಬ ಒಕ್ಕಣೆಯ ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು.

ತಮಾಷೆಯೆಂದರೆ, ಆಯಸ್ಕಾಂತ ಮತ್ತು ಸುರುಳಿ ಸೇರಿ ಬ್ಯಾಟರಿ ಚಾರ್ಜ್ ಮಾಡುವುದು ನಿಜ. ನಮ್ಮ ಕರಾವಳಿಯ ನಾಡದೋಣಿಗಳ ಹಿಂಬದಿಗೆ ಕಟ್ಟುವಂಥ ಔಟ್‌ಬೋರ್ಡ್ ಎಂಜಿನ್‌ಗಳ ಹಳೆಯ ಮಾದರಿಗಳಲ್ಲಿ ನಡೆಯುವುದು ಅದೇ. ಹಾಗಾದರೆ ವಿಡಿಯೋ ಕೂಡ ನಿಜವೇ? ಅಲ್ಲ. ಯಾಕೆ ಅಲ್ಲ ಎಂದು ತಿಳಿಯಲು, ಈ ವಿದ್ಯೆಯನ್ನು ಜಗತ್ತಿಗೆ ಕೊಟ್ಟ ಮೈಕೆಲ್ ಫ್ಯಾರಡೆಯವರ ಕತೆ ಕೇಳಬೇಕು.

ಕಮ್ಮಾರನ ಮಗ, ಪುಸ್ತಕ ಕಟ್ಟುವ ಹುಡುಗ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಇಂದು ಲಂಡನ್ ನಗರದ ದಕ್ಷಿಣ ಭಾಗವಾಗಿರುವ ನ್ಯೂಯಿಂಗ್ಟನ್‌ನಲ್ಲಿ. ತಂದೆ ಕಮ್ಮಾರ, ಆರೋಗ್ಯ ಸರಿಯಿರಲಿಲ್ಲ. ಮನೆಯಲ್ಲಿ ಬಡತನ. ಹುಡುಗನಿಗೆ ಸಿಕ್ಕ ಶಾಲೆ ಓದು ಬರಹ, ಒಂದಿಷ್ಟು ಲೆಕ್ಕ ಕಲಿಯುವಷ್ಟು ಮಾತ್ರ.

14ನೇ ವಯಸ್ಸಿಗೆ ಪುಸ್ತಕದ ಅಂಗಡಿಯೊಂದರಲ್ಲಿ ಬೈಂಡಿಂಗ್ ಕಲಿಯಲು ಸೇರಿದ. ಏಳು ವರ್ಷ ಅಲ್ಲೇ ದುಡಿದ. ಹೊಲಿಯಲು ಬಂದ ಪುಸ್ತಕಗಳನ್ನು ಹೊಲಿಯುವುದರ ಜೊತೆಗೆ ಓದತೊಡಗಿದ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿದ್ದ ವಿದ್ಯುತ್ತಿನ ಲೇಖನ ಅವನನ್ನು ಹಿಡಿದು ನಿಲ್ಲಿಸಿತು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಡೆಯುತ್ತಿದ್ದ ಹಂಫ್ರಿ ಡೇವಿಯವರ ಉಪನ್ಯಾಸಕ್ಕೆ ಟಿಕೆಟ್ ಕೊಟ್ಟರು. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರ ಬಿಡಿಸಿ, ತಾವೇ ಬೈಂಡ್ ಮಾಡಿ ಡೇವಿಗೆ ಕಳಿಸಿದರು. 1813ರ ಮಾರ್ಚ್‌ನಲ್ಲಿ ಪ್ರಯೋಗಾಲಯದ ಸಹಾಯಕನ ಕೆಲಸ ಸಿಕ್ಕಿತು. ಮುಂದಿನ ಜೀವನವೆಲ್ಲ ಆ ಸಂಸ್ಥೆಯೊಂದಿಗೇ ಕಳೆಯಿತು.

ಮುಳ್ಳು ಅಲುಗಿದ ಆ ಕ್ಷಣ

ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ತೋರಿಸಿದ್ದರು. ಅಂದರೆ ವಿದ್ಯುತ್ತಿನಿಂದ ಕಾಂತಶಕ್ತಿ ಹುಟ್ಟುತ್ತದೆ. ಹಾಗಾದರೆ ಕಾಂತಶಕ್ತಿಯಿಂದ ವಿದ್ಯುತ್ ಹುಟ್ಟಬೇಡವೇ? ಫ್ಯಾರಡೆ ಆ ದಶಕದಲ್ಲಿ ಹಲವು ಬಾರಿ ಪ್ರಯತ್ನಿಸಿ ಸೋತರು.

1831ರ ಆಗಸ್ಟ್ 29ರಂದು ಒಂದು ಕಬ್ಬಿಣದ ಉಂಗುರದ ಎರಡು ಬದಿಗೆ ಬೇರೆ ಬೇರೆ ತಂತಿ ಸುತ್ತಿದರು. ಒಂದು ಬದಿಗೆ ಬ್ಯಾಟರಿ, ಇನ್ನೊಂದು ಬದಿಗೆ ವಿದ್ಯುತ್ ಪತ್ತೆ ಮಾಡುವ ಮುಳ್ಳು. ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ಅಲುಗಿತು, ಮರುಕ್ಷಣವೇ ಮೊದಲ ಜಾಗಕ್ಕೆ ಬಂತು. ಬ್ಯಾಟರಿ ತೆಗೆದ ಕ್ಷಣ ಮತ್ತೆ ಅಲುಗಿತು, ಈ ಬಾರಿ ಎದುರು ದಿಕ್ಕಿಗೆ. ನಡುವೆ ಬ್ಯಾಟರಿ ಜೋಡಿಸಿಯೇ ಇದ್ದಷ್ಟು ಹೊತ್ತು ಏನೂ ಇಲ್ಲ.

ಅಕ್ಟೋಬರ್ 17ರಂದು ಬ್ಯಾಟರಿಯನ್ನೇ ಬಿಟ್ಟು, ಸುರುಳಿಯೊಳಗೆ ಆಯಸ್ಕಾಂತದ ಕಡ್ಡಿ ತೂರಿಸಿದರು. ತೂರಿಸುವಾಗ ಮುಳ್ಳು ಅಲುಗಿತು, ಎಳೆಯುವಾಗಲೂ ಅಲುಗಿತು. ಸುಮ್ಮನೆ ಇಟ್ಟರೆ ಅಲುಗಲಿಲ್ಲ. ಗುಟ್ಟು ಸಿಕ್ಕಿತು: ಆಯಸ್ಕಾಂತ ಇದ್ದರೆ ಸಾಲದು, ಸುರುಳಿಯ ಮೂಲಕ ಹಾಯುವ ಅದರ ಕಾಂತಕ್ಷೇತ್ರ ಬದಲಾಗುತ್ತಲೇ ಇರಬೇಕು. ಅಮೆರಿಕದ ಜೋಸೆಫ್ ಹೆನ್ರಿ ಕೂಡ ಸ್ವತಂತ್ರವಾಗಿ ಇದನ್ನು ಕಂಡುಕೊಂಡಿದ್ದರು, ಆದರೆ ಮೊದಲು ಪ್ರಕಟಿಸಿದವರು ಫ್ಯಾರಡೆ.

ಮರುವರ್ಷವೇ ಪ್ಯಾರಿಸ್‌ನ ಉಪಕರಣ ತಯಾರಕ ಪಿಕ್ಸಿ, ಸುರುಳಿಗಳನ್ನು ಅಲುಗದಂತೆ ಇಟ್ಟು ಆಯಸ್ಕಾಂತವನ್ನು ಕೈಯಿಂದ ತಿರುಗಿಸುವ ಯಂತ್ರ ಮಾಡಿದರು.

ದೋಣಿಯ ಎಂಜಿನ್‌ನೊಳಗೆ ಅದೇ ಪ್ರಯೋಗ

ಹಳೆಯ ಔಟ್‌ಬೋರ್ಡ್ ಎಂಜಿನ್‌ನ ಮೇಲಿನ ಮುಚ್ಚಳ ತೆಗೆದರೆ ಭಾರವಾದ ಒಂದು ಚಕ್ರ ಕಾಣುತ್ತದೆ. ಅದು ಫ್ಲೈವೀಲ್. ಅದರ ಒಳಅಂಚಿನಲ್ಲಿ ಆಯಸ್ಕಾಂತಗಳಿವೆ. ಕೆಳಗೆ ಅಲುಗದಂತೆ ಕೂರಿಸಿದ ತಾಮ್ರದ ಸುರುಳಿಗಳಿವೆ, ಅದಕ್ಕೆ ಸ್ಟೇಟರ್ ಎನ್ನುತ್ತಾರೆ. ಎಂಜಿನ್ ಓಡಿದಾಗ ಆಯಸ್ಕಾಂತಗಳು ಸುರುಳಿಗಳ ಪಕ್ಕದಲ್ಲೇ ಸುತ್ತುತ್ತವೆ. ಅಂದರೆ ಪಿಕ್ಸಿಯ ಯಂತ್ರವನ್ನು ಕೈಯ ಬದಲು ಎಂಜಿನ್ ತಿರುಗಿಸಿದಂತೆ.

ಹೀಗೆ ಹುಟ್ಟುವ ಕರೆಂಟ್ ಹಿಂದಕ್ಕೂ ಮುಂದಕ್ಕೂ ಹರಿಯುವ ಎಸಿ. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನ ಡಿಸಿ. ಆ ಬದಲಾವಣೆ ಮಾಡುವ ಚಿಕ್ಕ ಭಾಗವೇ ರೆಕ್ಟಿಫೈಯರ್. ಹಳೆಯ ಅನೇಕ ಎಂಜಿನ್‌ಗಳಲ್ಲಿ ಇಷ್ಟೇ ಇರುವುದು, ವೋಲ್ಟೇಜ್ ಹದ್ದುಬಸ್ತಿನಲ್ಲಿಡುವ ರೆಗ್ಯುಲೇಟರ್ ಇರುವುದಿಲ್ಲ. ಹೆಚ್ಚುವರಿ ಕರೆಂಟನ್ನು ಬ್ಯಾಟರಿಯೇ ನುಂಗಿಕೊಳ್ಳಬೇಕು.

ಫ್ಯಾರಡೆಯ ನಿಯಮ ತಿಳಿದರೆ ಇದರ ಗುಣದೋಷ ಎರಡೂ ಅರ್ಥವಾಗುತ್ತವೆ:

• ಎಂಜಿನ್ ನಿಧಾನವಾಗಿ ಓಡುತ್ತಿದ್ದರೆ ಕಾಂತಕ್ಷೇತ್ರದ ಬದಲಾವಣೆಯೂ ನಿಧಾನ. ಹಾಗಾಗಿ ದಡದಲ್ಲಿ ಸುಮ್ಮನೆ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿ ಅಷ್ಟಾಗಿ ಚಾರ್ಜ್ ಆಗುವುದಿಲ್ಲ.

• ರೆಗ್ಯುಲೇಟರ್ ಇಲ್ಲದ ಎಂಜಿನ್ ಗಂಟೆಗಟ್ಟಲೆ ವೇಗವಾಗಿ ಓಡಿದರೆ ಬ್ಯಾಟರಿಯ ನೀರು ಕಡಿಮೆಯಾಗುತ್ತದೆ. ಆಗಾಗ ನೋಡಿ ಡಿಸ್ಟಿಲ್ಡ್ ವಾಟರ್ ತುಂಬಿಸಬೇಕು.

• ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಬಾರದು. ಕರೆಂಟ್ ಹೋಗಲು ದಾರಿಯಿಲ್ಲದೆ ವೋಲ್ಟೇಜ್ ಏರಿ ರೆಕ್ಟಿಫೈಯರ್ ಸುಡಬಹುದು. ಪ್ಲಸ್, ಮೈನಸ್ ಅದಲು ಬದಲಾಗಿ ಜೋಡಿಸಿದರೂ ಅದೇ ಗತಿ.

• ಸರಿಯಾಗಿರುವ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ವೇಗವಾಗಿ ಓಡುವಾಗಲೂ ಮೀಟರ್ ಅದಕ್ಕಿಂತ ಮೇಲೇರದಿದ್ದರೆ ಚಾರ್ಜ್ ಆಗುತ್ತಿಲ್ಲ ಎಂದರ್ಥ. ಕಡಲಿಗೆ ಇಳಿಯುವ ಮುನ್ನವೇ ತೋರಿಸುವುದು ಒಳ್ಳೆಯದು. ರಾತ್ರಿ ದೋಣಿಯ ದೀಪ, ಜಿಪಿಎಸ್, ವೈರ್‌ಲೆಸ್ ಎಲ್ಲ ನಿಂತಿರುವುದು ಆ ಬ್ಯಾಟರಿಯ ಮೇಲೆ.

ಪುಕ್ಕಟೆ ಏಕಲ್ಲ?

ಹಳೆಯ ಸೈಕಲ್ ಡೈನಮೋ ನೆನಪಿದೆಯೇ? ಅದನ್ನು ಟೈರಿಗೆ ಒತ್ತಿ ದೀಪ ಹಚ್ಚಿದರೆ ಪೆಡಲ್ ಭಾರವಾಗುತ್ತಿತ್ತು. ಸುರುಳಿಯಲ್ಲಿ ಹುಟ್ಟಿದ ಕರೆಂಟ್ ತನ್ನದೇ ಕಾಂತಕ್ಷೇತ್ರ ಕಟ್ಟಿಕೊಂಡು, ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. 1834ರಲ್ಲಿ ಲೆನ್ಸ್ ಎಂಬ ವಿಜ್ಞಾನಿ ಇದನ್ನು ನಿಯಮವಾಗಿ ಹೇಳಿದರು. ಆ ತಡೆಯನ್ನು ಮೀರಿ ತಿರುಗಿಸಲು ಯಾರಾದರೂ ಬೆಲೆ ತೆರಲೇಬೇಕು: ಸೈಕಲ್‌ನಲ್ಲಿ ನಿಮ್ಮ ಕಾಲು, ದೋಣಿಯಲ್ಲಿ ಪೆಟ್ರೋಲ್ ಅಥವಾ ಸೀಮೆಎಣ್ಣೆ.

ವಿಡಿಯೋದಲ್ಲಿ ಯಾರೂ ತಿರುಗಿಸದೆ ಬಲ್ಬ್ ಉರಿಯುತ್ತಿದ್ದರೆ ಎಲ್ಲೋ ಒಂದು ಸೆಲ್ ಅಡಗಿದೆ ಎಂದೇ ತಿಳಿಯಿರಿ. ಬ್ಯಾಟರಿಯಿಂದ ಮೋಟಾರ್, ಮೋಟಾರ್‌ನಿಂದ ಡೈನಮೋ, ಡೈನಮೋದಿಂದ ಮತ್ತೆ ಅದೇ ಬ್ಯಾಟರಿ ಎಂಬ ಯಂತ್ರವೂ ಅಷ್ಟೇ. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಶಕ್ತಿ ಬಿಸಿಯಾಗಿ ಕಳೆದುಹೋಗಿ ಕೊನೆಗೆ ನಿಲ್ಲುತ್ತದೆ. ಇಂಥ ಯಂತ್ರಕ್ಕೆ ಮುಂಗಡ ಹಣ ಕೊಟ್ಟರೆ ಅದು ಹೋದಂತೆಯೇ.

ಕಡಲಿಗೆ ಬೆಳಕು, ಮೇಜಿಗೆ ಉತ್ತರ

1836ರಿಂದ ಸುಮಾರು 30 ವರ್ಷ ಫ್ಯಾರಡೆ ಬ್ರಿಟನ್ನಿನ ದೀಪಸ್ತಂಭಗಳ ಸಂಸ್ಥೆ ಟ್ರಿನಿಟಿ ಹೌಸ್‌ಗೆ ವಿಜ್ಞಾನ ಸಲಹೆಗಾರರಾಗಿದ್ದರು. 1858ರಲ್ಲಿ ಡೋವರ್ ಬಳಿಯ ಸೌತ್ ಫೋರ್‌ಲ್ಯಾಂಡ್ ದೀಪಸ್ತಂಭದಲ್ಲಿ ವಿದ್ಯುತ್ ದೀಪ ಬೆಳಗಿತು. ಅಲ್ಲಿಯೂ ಆಯಸ್ಕಾಂತ, ಸುರುಳಿ. ತಿರುಗಿಸಲು ಕಲ್ಲಿದ್ದಲು ಉರಿಸುವ ಉಗಿಯಂತ್ರ. 27 ವರ್ಷದ ಹಿಂದೆ ತಾವು ಕಂಡ ಮುಳ್ಳಿನ ಅಲುಗಾಟ ಹಡಗುಗಳಿಗೆ ದಾರಿ ತೋರಿಸುವುದನ್ನು ಅವರು ಹೋಗಿ ಪರೀಕ್ಷಿಸಿದರು.

ಅವರ ಕಾಲದಲ್ಲೂ ಫಾರ್ವರ್ಡ್‌ನಂಥ ಸುದ್ದಿಗಳಿದ್ದವು. 1853ರಲ್ಲಿ ಲಂಡನ್ ಮನೆಗಳಲ್ಲಿ ಮೇಜಿನ ಸುತ್ತ ಕೂತು ಕೈಯಿಟ್ಟರೆ ಆತ್ಮಗಳು ಮೇಜು ತಿರುಗಿಸುತ್ತವೆ ಎಂಬ ಹುಚ್ಚು ಹಬ್ಬಿತ್ತು. ವಿದ್ಯುತ್ ಕಾರಣ ಎಂದೂ ಕೆಲವರು ನಂಬಿದ್ದರು. ಫ್ಯಾರಡೆ ನಗಲಿಲ್ಲ, ಬೈಯಲಿಲ್ಲ. ಕೈಗೂ ಮೇಜಿಗೂ ನಡುವೆ ಉರುಳುವ ಪದರಗಳಿರುವ ಒಂದು ಸಾಧನ ಮಾಡಿದರು. ಮೊದಲು ಅಲುಗುವುದು ಕೈ, ಆಮೇಲೆ ಮೇಜು ಎಂದು ಗೊತ್ತಾಯಿತು. ತಾವೇ ತಳ್ಳುತ್ತಿದ್ದೇವೆಂದು ಆ ಜನಕ್ಕೆ ತಿಳಿದಿರಲಿಲ್ಲ, ಅಷ್ಟೇ. ಸಾಧನದ ಕಡ್ಡಿ ಕಣ್ಣಿಗೆ ಕಂಡಾಗ ಮೇಜು ತಿರುಗುವುದೂ ನಿಂತಿತು.

ಫ್ಯಾರಡೆ ಹೆಸರಿನಲ್ಲೇ ಹರಿದಾಡುವ ಕತೆಯೊಂದಿದೆ. ವಿದ್ಯುತ್ತಿನಿಂದ ಏನು ಉಪಯೋಗ ಎಂದು ಮಂತ್ರಿ ಗ್ಲಾಡ್‌ಸ್ಟನ್ ಕೇಳಿದಾಗ, ಮುಂದೆ ಇದಕ್ಕೆ ತೆರಿಗೆ ಹಾಕುತ್ತೀರಿ ಎಂಬರ್ಥದ ಉತ್ತರ ಕೊಟ್ಟರಂತೆ. ಕತೆ ಚೆನ್ನಾಗಿದೆ, ಆದರೆ ಅವರ ಜೀವಿತಕಾಲದ ದಾಖಲೆ ಅದಕ್ಕೆ ಸಿಕ್ಕಿಲ್ಲ. ಅವರು ತೀರಿಕೊಂಡು ದಶಕಗಳ ನಂತರ ಪುಸ್ತಕಗಳಲ್ಲಿ ಕಾಣಿಸಿಕೊಂಡದ್ದು.

ಫ್ಯಾರಡೆ ಸರ್ ಪದವಿ ಬೇಡವೆಂದರು, ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನೂ ಒಪ್ಪಲಿಲ್ಲ. 1867ರ ಆಗಸ್ಟ್ 25ರಂದು ತೀರಿಕೊಂಡರು.

ಫಾರ್ವರ್ಡ್ ಮಾಡುವ ಮುನ್ನ

ಪುಕ್ಕಟೆ ಕರೆಂಟಿನ ವಿಡಿಯೋ ಮತ್ತೆ ಬಂದರೆ ಒಂದೇ ಪ್ರಶ್ನೆ ಕೇಳಿ: ಇದನ್ನು ತಿರುಗಿಸುತ್ತಿರುವುದು ಯಾರು? ಉತ್ತರ ಸಿಗದಿದ್ದರೆ ಕಳಿಸಬೇಡಿ, ಹಣವನ್ನಂತೂ ಕೊಡಲೇಬೇಡಿ.