ಮಕ್ಕಳ ಮನೆ ಕಟ್ಟಿದ ತಾಯಿ: ಮರಿಯಾ ಮಾಂಟೆಸ್ಸರಿ

ಮಾಂಟೆಸ್ಸರಿ ಎಂಬ ಹೆಸರು ನಮಗೆಲ್ಲ ಚಿರಪರಿಚಿತ. ಪೇಟೆಯ ಎರಡು ಬೀದಿ ಸುತ್ತಿದರೆ ಆ ಹೆಸರಿನ ಒಂದು ಬೋರ್ಡಾದರೂ ಕಣ್ಣಿಗೆ ಬೀಳುತ್ತದೆ. ಆದರೆ ಅದು ಒಬ್ಬ ಮಹಿಳೆಯ ಹೆಸರು, ಆಕೆ ವೈದ್ಯೆಯಾಗಿದ್ದರು, ಕಥೋಲಿಕ ವಿಶ್ವಾಸಿಯಾಗಿದ್ದರು, ಯುದ್ಧಕಾಲದಲ್ಲಿ ನಮ್ಮ ದೇಶದಲ್ಲೇ ಉಳಿದು ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮಕ್ಕಳಿಗೆ ಕ್ರೈಸ್ತ ಶಿಕ್ಷಣ ನೀಡುವ ನಮಗೆಲ್ಲರಿಗೂ ಅವರ ಬದುಕಿನಲ್ಲಿ ಕಲಿಯುವುದು ಬಹಳಷ್ಟಿದೆ.

ವೈದ್ಯೆಯಾದ ಹುಡುಗಿ

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಅಂಕೋನಾ ಪಟ್ಟಣದ ಸಮೀಪದ ಕಿಯಾರವಾಲೆ ಎಂಬ ಊರಿನಲ್ಲಿ. ತಂದೆ ಅಲೆಸ್ಸಾಂದ್ರೊ ಸರಕಾರಿ ನೌಕರ. ತಾಯಿ ರೆನಿಲ್ಡೆ ಓದುವ ಹವ್ಯಾಸವಿದ್ದ ಹೆಂಗಸು. ಕುಟುಂಬ ರೋಮಿಗೆ ಬಂದು ನೆಲೆಸಿತು. ಹುಡುಗಿ ವೈದ್ಯಕೀಯ ಓದುತ್ತೇನೆ ಎಂದಾಗ ತಂದೆಗೆ ಅದು ಹಿಡಿಸಲಿಲ್ಲ, ತಾಯಿ ಬೆನ್ನಿಗೆ ನಿಂತರು. ಶವ ಛೇದನದ ಪಾಠಕ್ಕೆ ಗಂಡಸರ ಜೊತೆ ಹೆಣ್ಣು ನಿಲ್ಲಬಾರದೆಂಬ ಕಾರಣಕ್ಕೆ ಮರಿಯಾ ತರಗತಿ ಮುಗಿದ ಮೇಲೆ ಒಬ್ಬರೇ ಆ ಕೆಲಸ ಮಾಡಬೇಕಾಯಿತು. 1896ರಲ್ಲಿ ಅವರು ರೋಮ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಇಟಲಿಯ ಮೊದಲ ಕೆಲವೇ ಮಹಿಳಾ ವೈದ್ಯರಲ್ಲಿ ಅವರೂ ಒಬ್ಬರು.

ಅವರ ಕೆಲಸ ಆರಂಭವಾದದ್ದು ಮನೋರೋಗ ಚಿಕಿತ್ಸಾಲಯದಲ್ಲಿ. ಆಗ ಬುದ್ಧಿಮಾಂದ್ಯ ಮಕ್ಕಳನ್ನೂ ದೊಡ್ಡ ರೋಗಿಗಳ ಆಸ್ಪತ್ರೆಯಲ್ಲೇ ಇಡುತ್ತಿದ್ದರು. ಬರಿದಾದ ಕೋಣೆಯಲ್ಲಿ ಆ ಮಕ್ಕಳು ಊಟವಾದ ಮೇಲೆ ನೆಲದಲ್ಲಿ ಬಿದ್ದ ರೊಟ್ಟಿಯ ಚೂರುಗಳನ್ನು ಹೆಕ್ಕುತ್ತಿದ್ದುದನ್ನು ಕಂಡು ನೋಡಿಕೊಳ್ಳುವ ಹೆಂಗಸು ಅಸಹ್ಯಪಟ್ಟಳಂತೆ. ಮರಿಯಾ ಬೇರೆಯೇ ಕಂಡರು. ಆ ಮಕ್ಕಳ ಕೈಗೆ ಹಿಡಿಯಲು, ಆಡಲು ಬೇರೇನೂ ಇರಲಿಲ್ಲ. ಹಸಿದದ್ದು ಹೊಟ್ಟೆಯಲ್ಲ, ಕೈ ಮತ್ತು ಮನಸ್ಸು. ಫ್ರಾನ್ಸಿನ ವೈದ್ಯರಾದ ಇತಾರ್ ಮತ್ತು ಸೆಗೆನ್ ಅವರ ಬರಹಗಳನ್ನು ಓದಿ, ಮಕ್ಕಳು ಮುಟ್ಟಿ ಕಲಿಯುವ ಸಾಧನಗಳನ್ನು ಅವರು ಸಿದ್ಧಪಡಿಸಿದರು. ಇವರಿಂದ ಆಗದು ಎಂದು ಎಲ್ಲರೂ ಕೈಬಿಟ್ಟಿದ್ದ ಮಕ್ಕಳಲ್ಲಿ ಕೆಲವರು ಓದಲು, ಬರೆಯಲು ಕಲಿತರು. ಹಾಗಾದರೆ ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಯಾಕೆ ಇಷ್ಟು ಹಿಂದೆ ಇಟ್ಟಿವೆ ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು.

ಮೂರು ರಾಯರ ಹಬ್ಬದಂದು ತೆರೆದ ಬಾಗಿಲು

ಉತ್ತರ ಸಿಕ್ಕಿದ್ದು ರೋಮಿನ ಸಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ. ಅಲ್ಲಿ ದುರಸ್ತಿಯಾದ ಕಟ್ಟಡಗಳಲ್ಲಿ ಕೂಲಿ ಕುಟುಂಬಗಳು ವಾಸಿಸುತ್ತಿದ್ದವು. ತಂದೆತಾಯಿ ಕೆಲಸಕ್ಕೆ ಹೋದರೆ ಚಿಕ್ಕ ಮಕ್ಕಳು ಗೋಡೆ ಕೆಡಿಸುತ್ತಾ, ಮೆಟ್ಟಿಲಲ್ಲಿ ಅಲೆಯುತ್ತಾ ಇದ್ದರು. ಕಟ್ಟಡ ಉಳಿಸಲು ಒಂದು ಉಪಾಯ ಬೇಕೆಂದು ಮಾಲೀಕರು ಮರಿಯಾ ಅವರನ್ನು ಕರೆದರು. 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಸುಮಾರು 50 ಮಕ್ಕಳೊಂದಿಗೆ ಮಕ್ಕಳ ಮನೆ ತೆರೆಯಿತು.

ಆ ಕೋಣೆಯಲ್ಲಿ ನಡೆದದ್ದು ಶಿಕ್ಷಣದ ಚರಿತ್ರೆಯನ್ನೇ ಬದಲಿಸಿತು. ಮೂರು ವರ್ಷದ ಒಂದು ಹುಡುಗಿ ಮರದ ಗುಂಡು ಕಡ್ಡಿಗಳನ್ನು ಅವುಗಳ ತೂತುಗಳಿಗೆ ಹೊಂದಿಸುವ ಕೆಲಸವನ್ನು 40ಕ್ಕೂ ಹೆಚ್ಚು ಬಾರಿ ಮಾಡಿದಳು. ಉಳಿದ ಮಕ್ಕಳು ಸುತ್ತ ಹಾಡಿದರೂ, ಕುರ್ಚಿ ಸಮೇತ ಅವಳನ್ನು ಎತ್ತಿದರೂ ಅವಳ ಗಮನ ಕದಲಲಿಲ್ಲ. ಇನ್ನೊಂದು ದಿನ ಮರಿಯಾ ಮಕ್ಕಳಿಗೆ ಕರವಸ್ತ್ರದಲ್ಲಿ ಸದ್ದಿಲ್ಲದೆ ಮೂಗು ಒರೆಸುವುದು ಹೇಗೆಂದು ತೋರಿಸಿದರು. ಮಕ್ಕಳು ನಗುತ್ತಾರೆ ಎಂದುಕೊಂಡಿದ್ದರು. ಆದರೆ ಮಕ್ಕಳು ಚಪ್ಪಾಳೆ ತಟ್ಟಿದರು. ಮೂಗು ಸೋರುತ್ತದೆಂದು ಎಲ್ಲರೂ ಅವರನ್ನು ಬೈದಿದ್ದರು, ಒರೆಸುವುದು ಹೇಗೆಂದು ಮರ್ಯಾದೆಯಿಂದ ಹೇಳಿಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ.

ಮರಿಯಾ ಅವರ ಚಿಂತನೆಯ ತಿರುಳು ಇಲ್ಲೇ ಇದೆ. ಮಗು ನಾವು ತುಂಬಿಸಬೇಕಾದ ಖಾಲಿ ಕೊಡವಲ್ಲ. ಬೆಳೆಯುವ ಶಕ್ತಿಯನ್ನು ದೇವರು ಮಗುವಿನೊಳಗೇ ಇಟ್ಟಿದ್ದಾರೆ. ದೊಡ್ಡವರ ಕೆಲಸವೆಂದರೆ ಜಾಗ ಸಿದ್ಧಪಡಿಸುವುದು, ಸರಿಯಾದ ವಸ್ತು ಕೈಗೆ ಕೊಡುವುದು, ಗಮನಿಸುವುದು, ಆಮೇಲೆ ಪಕ್ಕಕ್ಕೆ ಸರಿಯುವುದು. ಬಹುಮಾನವೂ ಬೇಡ, ಬೆತ್ತವೂ ಬೇಡ. 1909ರಲ್ಲಿ ಅವರು ಈ ವಿಧಾನದ ಬಗ್ಗೆ ಪುಸ್ತಕ ಬರೆದ ಮೇಲೆ ಹೆಸರು ದೇಶದಿಂದ ದೇಶಕ್ಕೆ ಹಬ್ಬಿತು.

ದೇವಾಲಯದಲ್ಲಿ ಮಗು

ಕೆಲವು ಕಥೋಲಿಕ ಲೇಖಕರಿಗೆ ಅನುಮಾನವಿತ್ತು. ಮಗುವಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟರೆ ಜನ್ಮಪಾಪದ ಬೋಧನೆಯನ್ನು ಮರೆತಂತೆ ಆಗುವುದಿಲ್ಲವೇ ಎಂದು ಅವರು ಕೇಳಿದರು. ಮರಿಯಾ ಉತ್ತರ ಕೊಟ್ಟದ್ದು ಕೆಲಸದಿಂದ. ಸ್ಪೇನಿನ ಬಾರ್ಸಿಲೋನಾದಲ್ಲಿ ಮಕ್ಕಳಿಗಾಗಿಯೇ ಒಂದು ಪ್ರಾರ್ಥನಾ ಕೋಣೆ ಸಿದ್ಧವಾಯಿತು. ಮಕ್ಕಳ ಎತ್ತರಕ್ಕೆ ತಕ್ಕ ಪೀಠೋಪಕರಣ, ಬಲಿಪೂಜೆಯ ಪರಿಕರಗಳ ಚಿಕ್ಕ ಪ್ರತಿಗಳು ಅಲ್ಲಿದ್ದವು. ಮಕ್ಕಳು ಗೋಧಿ ಬಿತ್ತಿ, ದ್ರಾಕ್ಷಿ ಬೆಳೆಸಿದರು. ಬಲಿಪೀಠದ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುತ್ತವೆ ಎಂಬುದನ್ನು ಅವರು ಮಣ್ಣು ಮುಟ್ಟಿ ಕಲಿತರು. ಪೋಪ್ 15ನೇ ಬೆನೆಡಿಕ್ಟರು ಅವರ ಕಾರ್ಯವನ್ನು ಆಶೀರ್ವದಿಸಿದರು.

ಮರೆಯಲ್ಲಿ ಬೆಳೆದ ಮಗ

ಅವರ ಬದುಕಿನಲ್ಲಿ ನೋವಿನ ಅಧ್ಯಾಯವೂ ಇದೆ. 1898ರಲ್ಲಿ ಮರಿಯಾ ಅವರಿಗೆ ಸಹೋದ್ಯೋಗಿ ವೈದ್ಯ ಜುಸೆಪ್ಪೆ ಮೊಂತೆಸಾನೊ ಅವರಿಂದ ಮರಿಯೊ ಎಂಬ ಮಗ ಹುಟ್ಟಿದ. ಮದುವೆ ಆಗಲಿಲ್ಲ. ಮಗುವನ್ನು ಹಳ್ಳಿಯ ಒಂದು ಕುಟುಂಬದ ಆರೈಕೆಗೆ ಒಪ್ಪಿಸಿದರು. ಲೋಕದ ಮಕ್ಕಳಿಗೆಲ್ಲ ಮನೆ ಕಟ್ಟುತ್ತಿದ್ದ ತಾಯಿ ತನ್ನ ಮಗನನ್ನು ಆಗಾಗ ಬಂದು ನೋಡಿ ಹೋಗುತ್ತಿದ್ದರು. ಅವನಿಗೆ ಸುಮಾರು 15 ವರ್ಷವಾದಾಗ ಮಾತ್ರ, ತಮ್ಮ ತಾಯಿ ತೀರಿಹೋದ ಬಳಿಕ, ಅವನನ್ನು ಹತ್ತಿರ ಕರೆದುಕೊಂಡರು. ಆಗಲೂ ಲೋಕದೆದುರು ಸೋದರಳಿಯನೆಂದೇ ಪರಿಚಯಿಸಿದರು. ನಾವು ಇದನ್ನು ಸಮರ್ಥಿಸಲು ಹೋಗುವುದಿಲ್ಲ, ಕಲ್ಲೆಸೆಯಲೂ ಹೋಗುವುದಿಲ್ಲ. ಅವಿವಾಹಿತ ತಾಯಿಗೆ ಆ ಕಾಲದ ಸಮಾಜ ಬಾಗಿಲು ಮುಚ್ಚುತ್ತಿತ್ತು. ಇಂದು ಅಂಥ ತಾಯಿ ನಮ್ಮ ಬಾಗಿಲಿಗೆ ಬಂದರೆ ನಾವು ಏನು ಮಾಡುತ್ತೇವೆ ಎಂಬುದೂ ಕೇಳಿಕೊಳ್ಳಬೇಕಾದ ಪ್ರಶ್ನೆಯೇ.

ರಾಜಕೀಯದಲ್ಲೂ ಅವರು ಎಡವದೆ ಇರಲಿಲ್ಲ. 1924ರ ಬಳಿಕ ಮುಸೊಲಿನಿ ಸರಕಾರದ ಬೆಂಬಲವನ್ನು ಸ್ವೀಕರಿಸಿದರು. ಆದರೆ ಆಜ್ಞೆಗೆ ತಲೆಯಾಡಿಸುವ ಮಕ್ಕಳನ್ನು ಬಯಸುವ ಸರ್ವಾಧಿಕಾರಕ್ಕೂ ತಾನಾಗಿ ಯೋಚಿಸುವ ಮಗುವಿಗೂ ಹೊಂದಾಣಿಕೆ ಆಗದು. 1934ರಲ್ಲಿ ಸಂಬಂಧ ಮುರಿದುಬಿತ್ತು, ಇಟಲಿಯಲ್ಲಿ ಅವರ ಶಾಲೆಗಳು ಮುಚ್ಚಿದವು. 1936ರಲ್ಲಿ ಅಂತರ್ಯುದ್ಧದಿಂದಾಗಿ ಸ್ಪೇನನ್ನೂ ಬಿಡಬೇಕಾಯಿತು.

ಭಾರತದಲ್ಲಿ

1939ರ ನವೆಂಬರಿನಲ್ಲಿ, 69ರ ಪ್ರಾಯದಲ್ಲಿ, ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಅವರು ಮಗನೊಂದಿಗೆ ಮದ್ರಾಸಿನ ಅಡ್ಯಾರಿಗೆ ಬಂದರು. ಕೆಲವು ತಿಂಗಳ ತರಬೇತಿಗೆಂದು ಬಂದವರನ್ನು ಯುದ್ಧ ಇಲ್ಲೇ ನಿಲ್ಲಿಸಿತು. 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕೆ ಇಳಿದಾಗ ಬ್ರಿಟಿಷ್ ಸರಕಾರ ಮರಿಯೊ ಅವರನ್ನು ಬಂಧನದಲ್ಲಿಟ್ಟಿತು, ಮರಿಯಾ ಅವರ ಓಡಾಟಕ್ಕೂ ಕಟ್ಟುಪಾಡು ಹಾಕಿತು. ಆ ಆಗಸ್ಟಿನಲ್ಲಿ, ಅವರ 70ನೇ ಹುಟ್ಟುಹಬ್ಬದ ಉಡುಗೊರೆಯಾಗಿ ವೈಸರಾಯ್ ಮರಿಯೊ ಅವರನ್ನು ಬಿಡುಗಡೆ ಮಾಡಿದರು. ಅವರನ್ನು ಮಗನೆಂದೇ ಒಪ್ಪಿಕೊಂಡು ಬಂದ ಆ ಸಂದೇಶಕ್ಕಿಂತ ದೊಡ್ಡ ಉಡುಗೊರೆ ಆ ತಾಯಿಗೆ ಬೇರೊಂದಿರಲಾರದು.

ಅಡ್ಯಾರ್, ಕೊಡೈಕನಾಲ್, ಅಹಮದಾಬಾದ್ ಮುಂತಾದ ಕಡೆ ಅವರು ಕಲಿಸಿದರು. ಥಿಯೊಸಾಫಿಕಲ್ ಸೊಸೈಟಿಯ ಒಡನಾಟ ಕೆಲವು ಕಥೋಲಿಕರಿಗೆ ಮುಜುಗರ ತಂದಿತ್ತು ನಿಜ. ಆದರೆ ಅವರು ಕೊನೆಯವರೆಗೂ ಕಥೋಲಿಕರಾಗಿಯೇ ಉಳಿದರು. 1952ರ ಮೇ 6ರಂದು ಹಾಲೆಂಡಿನ ನೂರ್ಡ್‌ವೈಕ್ ಎಂಬಲ್ಲಿ ನಿಧನರಾದಾಗ ಅಲ್ಲಿನ ಕಥೋಲಿಕ ಸ್ಮಶಾನದಲ್ಲೇ ಅವರನ್ನು ಸಮಾಧಿ ಮಾಡಲಾಯಿತು.

ನಮ್ಮ ಪಾಲಿನ ಪಾಠ

ಅವರ ಬೀಜ ಧರ್ಮಸಭೆಯಲ್ಲೂ ಮೊಳೆಯಿತು. 1954ರಲ್ಲಿ ರೋಮಿನಲ್ಲಿ ಬೈಬಲ್ ವಿದ್ವಾಂಸೆ ಸೊಫಿಯಾ ಕವಲೆತ್ತಿ ಮತ್ತು ಮಾಂಟೆಸ್ಸರಿ ಶಿಕ್ಷಕಿ ಜಾನ್ನಾ ಗೊಬ್ಬಿ ಅವರು ಒಳ್ಳೆಯ ಕುರುಬನ ಧರ್ಮೋಪದೇಶ ಎಂಬ ವಿಧಾನ ಆರಂಭಿಸಿದರು. ಮೂರು ವರ್ಷದ ಮಗುವೂ ದೇವರೊಂದಿಗೆ ಮಾತಾಡಬಲ್ಲುದು ಎಂಬುದು ಅದರ ನಂಬಿಕೆ. ಮದರ್ ತೆರೇಸಾ ಅವರ ಧರ್ಮಭಗಿನಿಯರೂ ಈ ವಿಧಾನವನ್ನು ಬಳಸುತ್ತಾರೆ.

ಒಂದು ವಿಪರ್ಯಾಸವನ್ನೂ ಹೇಳಬೇಕು. ಕೂಲಿಯವರ ಮಕ್ಕಳಿಗಾಗಿ ಹುಟ್ಟಿದ ಈ ಶಿಕ್ಷಣ ಇಂದು ಅನೇಕ ಕಡೆ ದುಬಾರಿ ಶುಲ್ಕ ಕೊಡಬಲ್ಲವರ ಪಾಲಾಗಿದೆ. ಬೋರ್ಡಿನಲ್ಲಿ ಹೆಸರಿದ್ದರೂ ಒಳಗೆ ಮೂರು ವರ್ಷದ ಮಗುವನ್ನು ಬೆಂಚಿನಲ್ಲಿ ಕೂರಿಸಿ ಬಾಯಿಪಾಠ ಮಾಡಿಸುವುದೂ ಇದೆ.

ಭಾನುವಾರದ ಕ್ರೈಸ್ತ ಶಿಕ್ಷಣ ತರಗತಿಯಲ್ಲಿ, ಅಂಗನವಾಡಿಯಲ್ಲಿ, ಮನೆಯ ಜಪದ ಹೊತ್ತಿನಲ್ಲಿ ನಾವು ಏನು ಮಾಡುತ್ತಿದ್ದೇವೆ? ಪ್ರಾರ್ಥನೆ ತಪ್ಪಿದ ಮಗುವನ್ನು ಎಲ್ಲರೆದುರು ನಿಲ್ಲಿಸುತ್ತೇವೆಯೋ, ಅಥವಾ ಪಕ್ಕ ಕುಳಿತು ನಿಧಾನವಾಗಿ ತೋರಿಸಿಕೊಡುತ್ತೇವೆಯೋ? ದುಬಾರಿ ಸಾಧನಗಳು ಬೇಕಿಲ್ಲ. ಒಂದು ಶುಚಿಯಾದ ಚಾಪೆ, ಹಚ್ಚಿದ ಒಂದು ಮೇಣದಬತ್ತಿ, ಮಣ್ಣಿನಲ್ಲಿ ಮಾಡಿದ ಕುರಿ ಮತ್ತು ಕುರುಬ, ಅವಸರವಿಲ್ಲದ ಒಬ್ಬ ಶಿಕ್ಷಕಿ ಸಾಕು. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಪ್ರಭು ಯೇಸು ಬೇಸರಪಟ್ಟರೆಂದು ಶುಭಸಂದೇಶ ಹೇಳುತ್ತದೆ. ಮಕ್ಕಳಿಗೂ ಪ್ರಭುವಿಗೂ ನಡುವೆ ನಾವೇ ಅಡ್ಡ ನಿಲ್ಲದಂತೆ ನೋಡಿಕೊಳ್ಳೋಣ.